ಸ್ವರ್ಣಕ್ಕ ಟೋಸ್ಟ್ ತಿನ್ನಲು ಬಂದ ಭಾನುವಾರ

ಮೊಟ್ಟೆಯನ್ನು ಪುಟ್ಟ ಬಟ್ಟಲಿಗೆ ಒಡೆದು, ಬಟ್ಟಲನ್ನು ಮೂಗಿನ ಹತ್ತಿರ ತಂದು ತಾರಾನಾಥ ಉಸಿರೆಳೆದ. ಏನೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಎಳೆದದ್ದು ಅಭ್ಯಾಸಬಲದಿಂದ. ಒಂದೊಂದು ಮೊಟ್ಟೆಯನ್ನೂ ಬೇರೆಯಾಗಿ ಒಡೆದು, ಮೂಸಿ ನೋಡಿ, ಆಮೇಲೆಯೇ ದೊಡ್ಡ ಪಾತ್ರೆಗೆ ಸುರಿಯಬೇಕು. ಒಂದು ಕೆಟ್ಟಿದ್ದರೂ ಇಡೀ ಪಾತ್ರೆ ಮೋರಿಗೆ. ಹರೆಯದಲ್ಲಿ ಮುಂಬಯಿಯ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕೆ ನಿಂತಾಗ ಅಲ್ಲಿನ ಅಡುಗೆಯವನು ತಲೆಗೆ ಮೊಟಕಿ ಕಲಿಸಿದ ಪಾಠ ಅದು. ಪಾಠವೇನೋ ತಲೆಯಲ್ಲಿ ಗಟ್ಟಿಯಾಗಿಯೇ ಇತ್ತು, ಮೂಗು ಮಾತ್ರ ಕೈಕೊಟ್ಟಿತ್ತು.

ಅದು ಎರಡು ಸಾವಿರದ ಹನ್ನೊಂದನೆಯ ಇಸವಿ. ಮಳೆ ಶುರುವಾಗುವ ಹೊತ್ತಿಗೆ ಬಂದ ಜ್ವರ ಅವನನ್ನು ಒಂದು ವಾರ ಮಲಗಿಸಿ ಹೋಗಿತ್ತು. ಹೋಗುವಾಗ ಮೂಗಿನೊಳಗೆ ಇದ್ದುದನ್ನೆಲ್ಲ ಗುಡಿಸಿಕೊಂಡು ಹೋಯಿತು. ತಾನು ಅಡುಗೆಗಿದ್ದ ಥಾಣೆಯ ಹೋಟೆಲಿಗೆ ಮರಳಿದ ದಿನ ಸಾಂಬಾರಿನ ಒಗ್ಗರಣೆಯ ಮುಂದೆ ನಿಂತು "ಇಂಗು ಹಾಕಲಿಲ್ವಾ ಮಾರಾಯ?" ಎಂದು ಕೇಳಿದ್ದ. ಒಗ್ಗರಣೆ ಹಾಕುತ್ತಿದ್ದವನು ಸೌಟು ಹಿಡಿದುಕೊಂಡೇ ಅವನ ಮುಖವನ್ನು ಪಿಳಿಪಿಳಿ ನೋಡಿದ. ಇಂಗಿನ ಘಾಟು ಹೊರಗೆ ದುಡ್ಡಿನ ಗಲ್ಲೆಯ ತನಕ ಹರಡಿತ್ತಂತೆ. ಅಂದಿನಿಂದ ತಾರಾನಾಥ ಬಾಯಿಗೆ ಬೀಗ ಹಾಕಿಕೊಂಡ. ಮನೆಯಿದ್ದ ಡೊಂಬಿವಲಿಯಲ್ಲಿ ಯಾರಾದರೂ ನೋಡಿಯಾರೆಂದು ಕಲ್ಯಾಣಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದ. ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು. ಫೀಸನ್ನು ಮಾತ್ರ ಅಷ್ಟು ಅನುಮಾನವಿಲ್ಲದೆ ತೆಗೆದುಕೊಂಡರು.

ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಖಾರ ಇಷ್ಟು ತಿಳಿಯುತ್ತಿತ್ತು. ಅದರಾಚೆ ಎಲ್ಲವೂ ಖಾಲಿ. ಹೆಂಡತಿ ಜ್ಯೋತ್ಸ್ನಾಳಿಗೂ ಅವನು ಹೇಳಿರಲಿಲ್ಲ. ಅವಳಿಗೆ ಹೇಳಿದರೆ ಅಂಬರನಾಥದಲ್ಲಿರುವ ಅವಳ ತಂಗಿಗೆ ಗೊತ್ತಾಗುತ್ತದೆ, ತಂಗಿಗೆ ಗೊತ್ತಾದರೆ ಸಂಜೆಯೊಳಗೆ ಥಾಣೆಯ ಹೋಟೆಲಿಗೆ ಗೊತ್ತಾಗುತ್ತದೆ. ಊರವರ ವಿಷಯಕ್ಕೆ ಮೂಗು ತೂರಿಸುವವರ ಮೂಗುಗಳೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿದ್ದವು. ಮೂಗಿನ ಮೇಲೆಯೇ ಬದುಕಿದ ಅಡುಗೆಯವನದು ಮಾತ್ರ ಹೋಗಿತ್ತು. ಇದು ಯಾವ ನ್ಯಾಯ ಎಂದು ಅವನು ದಿನಾ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವಾಗ ದೇವರನ್ನು ಕೇಳುತ್ತಿದ್ದ.

ದೇವರು ಉತ್ತರ ಕೊಡುವ ಬದಲು ಸ್ವರ್ಣಕ್ಕನನ್ನು ಕಳುಹಿಸಿದ.

ಸ್ವರ್ಣಲತಾ ಹೋಟೆಲಿನ ಒಡತಿ. ಗಂಡ ತೀರಿಕೊಂಡ ಮೇಲೆ ಗಲ್ಲೆಯಲ್ಲಿ ತಾನೇ ಕೂತು, ಹೋಟೆಲನ್ನು ಗಂಡನಿಗಿಂತ ಚೆನ್ನಾಗಿ ನಡೆಸಿದ ಹೆಂಗಸು. ವಯಸ್ಸಿನಲ್ಲಿ ತಾರಾನಾಥನಿಗಿಂತ ಚಿಕ್ಕವಳಾದರೂ ಅವನಿಗೆ ಅವಳು ಅಕ್ಕ, ಅವಳಿಗೆ ಅವನು ಅಣ್ಣ. ಹೋಟೆಲಿನವರ ಲೆಕ್ಕವೇ ಹಾಗೆ. ಬೇಲಾಪುರದಲ್ಲಿ ಸರಕಾರಿ ಕಚೇರಿಗಳ ಹತ್ತಿರ ಅವಳು ಎರಡನೆಯ ಹೋಟೆಲು ತೆರೆಯುವವಳಿದ್ದಳು. ಅಲ್ಲಿಗೊಬ್ಬ ಹೆಡ್ ಕುಕ್ ಬೇಕಾಗಿತ್ತು. ಜೀವಮಾನವಿಡೀ ಇನ್ನೊಬ್ಬರ ಕೈಕೆಳಗೆ ದುಡಿದ ತಾರಾನಾಥನಿಗೆ ಅದೊಂದು ಕನಸು. ತನ್ನದೇ ಅಡುಗೆಮನೆ, ತಾನು ಹೇಳಿದ್ದೇ ಮೆನು, ತಾನು ರುಚಿ ನೋಡಿ ಹೂಂ ಎಂದ ಮೇಲೆಯೇ ಹೊರಗೆ ಹೋಗುವ ಪ್ಲೇಟು. ಈ ಸಲ ತಪ್ಪಿದರೆ ಈ ಜನ್ಮದಲ್ಲಿ ಮತ್ತೆ ಇಲ್ಲ. ಮೂಗಿನ ಸಂಗತಿ ಹೊರಬಿದ್ದರಂತೂ ಬೇಲಾಪುರ ಹಾಗಿರಲಿ, ಥಾಣೆಯಲ್ಲಿ ಈಗಿರುವ ಜಾಗವೂ ಉಳಿಯುವಂತಿರಲಿಲ್ಲ.

ಸ್ವರ್ಣಕ್ಕನ ಮಗ ರಿತೇಶ್ ಹಿಂದಿನ ವರ್ಷ ಯಾವುದೋ ಕೆಲಸಕ್ಕೆ ಇವರ ಮನೆಗೆ ಬಂದವನು ತಾರಾನಾಥ ಮಾಡಿದ ಕರಿದ ಟೋಸ್ಟ್ ತಿಂದು ಹೋಗಿ ಅಮ್ಮನ ಮುಂದೆ ಹಾಡಿ ಹೊಗಳಿದ್ದ. ಊರಿನ ಕಡೆ ಇದಕ್ಕೆ ಬಾಂಬೆ ಟೋಸ್ಟ್ ಎನ್ನುತ್ತಾರೆ. ಬಾಂಬೆಯಲ್ಲಿ ಹಾಗೆಂದರೆ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ; ಇಲ್ಲಿ ಅದು ಫ್ರೆಂಚ್ ಟೋಸ್ಟ್. ಫ್ರಾನ್ಸಿನವರು ಅದನ್ನು ಏನೆನ್ನುತ್ತಾರೋ ಅವರಿಗೇ ಗೊತ್ತು. ತಾರಾನಾಥನದು ಇವರೆಲ್ಲರನ್ನೂ ಮೀರಿಸಿದ್ದು. ನಡುವೆ ದಪ್ಪ ಮಲಾಯಿ, ಹೊರಗೆ ಪುಡಿ ಮಾಡಿದ ಕಾರ್ನ್‌ಫ್ಲೇಕ್ಸ್, ಎಣ್ಣೆ ತುಪ್ಪ ಬೆರೆಸಿದ ಬಾಣಲೆಯಲ್ಲಿ ಮುಳುಗಿಸಿ ಕರಿದು, ಮೇಲೆ ಕಾಯಿಸಿ ಗಟ್ಟಿ ಮಾಡಿದ ಹಾಲು. ಡಾಕ್ಟರುಗಳ ಕಣ್ಣಿಗೆ ಬೀಳಬಾರದಂಥ ತಿಂಡಿ.

"ಬೇಲಾಪುರದಲ್ಲಿ ಮೊಟ್ಟೆಯ ತಿಂಡಿಯೂ ಇಡುವವಳಿದ್ದೇನೆ, ತಾರಾನಾಥಣ್ಣ. ಆಫೀಸಿನವರಿಗೆ ಬೆಳಿಗ್ಗೆ ಬೇಕಾಗ್ತದೆ. ನಿಮ್ಮ ಟೋಸ್ಟ್ ನಾನೊಮ್ಮೆ ತಿಂದು ನೋಡಬೇಕು," ಎಂದಿದ್ದಳು ಸ್ವರ್ಣಕ್ಕ. ಥಾಣೆಯದು ಶುದ್ಧ ಶಾಕಾಹಾರಿ ಹೋಟೆಲು, ಅಲ್ಲಿ ಮೊಟ್ಟೆ ಹೊಸಿಲು ದಾಟುವಂತಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಡೊಂಬಿವಲಿಗೆ, ಇವರ ಮನೆಗೇ ಬರುವುದೆಂದು ತೀರ್ಮಾನವಾಯಿತು.

ತಾರಾನಾಥ ಒಂದು ಉಪಾಯ ಹೂಡಿದ್ದ. ಹತ್ತನೆಯ ಕ್ಲಾಸಿನ ಮಗಳು ಸೌಜನ್ಯಳ ಮೂಗನ್ನು ಸಾಲ ಪಡೆಯುವುದು. ಅವಳಿಗೆ ಎಂತದೂ ಹೇಳದೆ ಹತ್ತಿರ ನಿಲ್ಲಿಸಿಕೊಂಡು, ತಾನು ಆಗಾಗ ಕೇಳುತ್ತಿರುವುದು.

"ಮಗಾ, ಏಲಕ್ಕಿ ಸಾಕಾ ನೋಡು."

"ಮೈ ಕ್ಯೋಂ? ಆಪ್ ಹೀ ದೇಖೋ ನಾ, ಪಪ್ಪಾ," ಎಂದು, ನೀವೇ ನೋಡಿ ಎನ್ನುತ್ತ ಹಿಂದಿಯಲ್ಲಿ ಗೊಣಗಿದರೂ ಸೌಜನ್ಯ ಪಾತ್ರೆಯ ಮೇಲೆ ಬಗ್ಗಿದಳು. "ಮಸ್ತ್ ಹೈ."

ಅಷ್ಟರಲ್ಲಿ ಜ್ಯೋತ್ಸ್ನಾ ಬಂದು ಇಡೀ ಉಪಾಯಕ್ಕೆ ತಣ್ಣೀರೆರಚಿದಳು. "ಇವಳಿಗೆ ಇವತ್ತು ಟ್ಯೂಷನ್ನಲ್ಲಿ ಟೆಸ್ಟು. ಟೋಸ್ಟಿನ ಪಾತ್ರೆ ಮೂಸಿಕೊಂಡು ಕೂತರೆ ಆಗ್ತದಾ? ಹೊರಡು ನೀನು."

ಹೋಗಬೇಡ ಎನ್ನಲು ತಾರಾನಾಥನಿಗೆ ಬಾಯಿಯವರೆಗೆ ಬಂತು. ಕಾರಣ ಕೇಳಿದರೆ ಏನು ಹೇಳುವುದು? ಸೌಜನ್ಯ ಕೊಡೆ ತೆಗೆದುಕೊಂಡು ಮಳೆಯಲ್ಲಿ ಇಳಿದು ಹೋದಳು. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ನಿಲ್ಲುವ ತನಕ ಅವನು ಬಾಗಿಲನ್ನೇ ನೋಡುತ್ತ ನಿಂತ.

ಮಿಕ್ಕ ಮೊಟ್ಟೆಗಳನ್ನು ಅವನು ಒಡೆಯುವ ಮೊದಲೇ ನೀರಿಗೆ ಹಾಕಿ ನೋಡಿದ. ತೇಲಿದರೆ ಕೆಟ್ಟದ್ದು, ಮುಳುಗಿದರೆ ಒಳ್ಳೆಯದು. ಎಲ್ಲವೂ ಮುಳುಗಿದವು. ಹಾಲನ್ನು ಕಾಯಿಸಿ ನೋಡಿದ, ಒಡೆಯಲಿಲ್ಲ. ಮಲಾಯಿಯನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡ, ಹುಳಿಯಿಲ್ಲ. ಕಣ್ಣು, ಕೈ, ನಾಲಿಗೆ ಸೇರಿ ಮೂಗಿನ ಕೆಲಸವನ್ನು ಹಂಚಿಕೊಂಡವು. ಹಿಂದಿನ ದಿನದ ಬ್ರೆಡ್ಡಿನ ದಪ್ಪ ದಪ್ಪ ತುಂಡುಗಳು ತಟ್ಟೆಯಲ್ಲಿ ಒಣಗಿ ತಯಾರಾಗಿದ್ದವು. ಆಗಲೇ ಕರೆಗಂಟೆಯ ಸದ್ದಾಯಿತು. ಸ್ವರ್ಣಕ್ಕ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು.

ಬಂದವಳು ಹೊರಗಿನ ಕೋಣೆಯಲ್ಲಿ ಕೂರುವಳೆಂದು ಅವನೆಣಿಸಿದ್ದ. ಅವಳು ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ಒರಗಿ ನಿಂತಳು.

"ಅಕ್ಕ, ಅಲ್ಲಿ ಕೂತ್ಕೊಳ್ಳಿ. ಇಲ್ಲಿ ಸೆಕೆ."

"ಸೆಕೆಗೆ ಹೆದರಿದರೆ ಹೋಟೆಲು ನಡೆಸ್ಲಿಕ್ಕಾಗ್ತದಾ? ತಿಂಡಿ ಆಮೇಲೆ, ನನಗೆ ಮೊದಲು ಕೈ ನೋಡಬೇಕು."

ನೋಡಲಿ ಎಂದುಕೊಂಡು ತಾರಾನಾಥ ಬಾಣಲೆಗೆ ಎಣ್ಣೆ ಸುರಿದ, ಡಬ್ಬಿಯಿಂದ ಎರಡು ಚಮಚ ತುಪ್ಪ ಹಾಕಿದ. ಹಿಂದಿನ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲು ಗಟ್ಟಿಯಾಗುತ್ತಿತ್ತು. ತುಪ್ಪ ಕರಗಿ ಎಣ್ಣೆಯೊಂದಿಗೆ ಬೆರೆಯಿತು. ಸ್ವರ್ಣಕ್ಕನ ಮೂಗಿನ ಹೊಳ್ಳೆಗಳು ಅರಳಿದ್ದನ್ನು ಅವನು ಓರೆಗಣ್ಣಿನಲ್ಲಿ ಕಂಡ.

"ತಾರಾನಾಥಣ್ಣ, ಈ ತುಪ್ಪದ ವಾಸನೆ ಬೇರೆ ಉಂಟಲ್ಲ?"

ಬೇರೆ ಎಂದರೆ ಏನು? ಹೊಗಳಿದ್ದೋ, ಹಳಸಿದೆ ಎಂದು ಹೇಳಿದ್ದೋ? ಡಬ್ಬಿ ಯಾವಾಗಿನದೋ, ಎಲ್ಲಿಂದ ಬಂದದ್ದೋ ಅವನಿಗೆ ಗೊತ್ತಿರಲಿಲ್ಲ. ಮನೆಯ ಡಬ್ಬಿಗಳ ಕಾರುಬಾರು ಜ್ಯೋತ್ಸ್ನಾಳದು. ಹಳಸಿದ್ದರೆ, ಹೌದು ಒಳ್ಳೆಯ ತುಪ್ಪ ಎಂದ ಕೂಡಲೇ ಸಿಕ್ಕಿಬೀಳುವುದು. ಒಳ್ಳೆಯದಾಗಿದ್ದರೆ, ಹಳಸಿದೆ ಎಂದು ಬಾಣಲೆ ಕೆಳಗಿಳಿಸಿದರೂ ಸಿಕ್ಕಿಬೀಳುವುದು. ಅವನು ಸೌಟಿನಿಂದ ಎಣ್ಣೆಯನ್ನು ಸುಮ್ಮನೆ ಕದಡಿದ. ಹಣೆಯ ಬೆವರು ಹುಬ್ಬಿಗಿಳಿಯಿತು.

"ಊರಿನ ತುಪ್ಪ ಅಕ್ಕ," ಎಂದಳು ಹಿಂದಿನಿಂದ ಜ್ಯೋತ್ಸ್ನಾ. "ಮೊನ್ನೆ ನನ್ನ ತಂಗಿ ಕಾರ್ಕಳಕ್ಕೆ ಹೋದವಳು ತಂದದ್ದು. ಎಮ್ಮೆಯದ್ದಲ್ಲ, ದನದ್ದು."

"ಅದೇ ಹೇಳಿದೆ. ನನ್ನ ಅಮ್ಮನ ಮನೆಯ ನೆನಪಾಯ್ತು."

ತಾರಾನಾಥನಿಗೆ ಹೆಂಡತಿಯ ಕಾಲಿಗೆ ಬೀಳೋಣ ಎನ್ನಿಸುವಷ್ಟು ಪ್ರೀತಿ ಉಕ್ಕಿತು. ಹಾಗೆ ಬೀಳುವ ಪದ್ಧತಿ ಇಲ್ಲದ್ದರಿಂದ ಬ್ರೆಡ್ಡಿನ ಚೂರೊಂದನ್ನು ಎಣ್ಣೆಗೆ ಎಸೆದ. ಅದು ಸುಯ್ ಎಂದು ಮೇಲಕ್ಕೆ ಬಂದು ಕುಣಿಯಿತು. ಹದ ಬಂದಿತ್ತು.

ಎರಡು ತುಂಡುಗಳ ನಡುವೆ ಮಲಾಯಿ ಹಚ್ಚಿ, ಅಂಚು ಒತ್ತಿ, ಮೊಟ್ಟೆ ಹಾಲಿನಲ್ಲಿ ಅದ್ದಿದ. ಬ್ರೆಡ್ಡು ಕುಡಿಯಬೇಕು, ಮುಳುಗಿ ಸಾಯಬಾರದು; ಬೆರಳಿಗೆ ಭಾರ ತಿಳಿದ ಕೂಡಲೇ ಎತ್ತಿ ಪುಡಿಯಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟ. ಬಾಣಲೆ ಮಾತಾಡತೊಡಗಿತು. ಮೊದಲು ಗದ್ದಲ, ಆಮೇಲೆ ಮೆಲ್ಲಗೆ ಕಡಿಮೆ. ಆ ಸದ್ದು ಇಳಿಯುವಾಗ ತಿರುವಿದರೆ ಬಣ್ಣ ತಾನಾಗಿ ಬರುತ್ತದೆ. ಕಿಟಕಿಯಿಂದ ಮಳೆಯ ಇರಚಲು ಒಳಗೆ ಬಂತು. ಕಾದ ಎಣ್ಣೆಗೆ ನೀರಿನ ಹನಿ ಬಿದ್ದರೆ ಮುಖ ಸುಡುತ್ತದೆ ಎಂದು ಅವನು ಕೈಚಾಚಿ ಕಿಟಕಿ ಮುಚ್ಚಿ ಚಿಲಕ ಹಾಕಿದ. ಎಣ್ಣೆಯ ಹೊಗೆ ಒಳಗೇ ಸುತ್ತಿ ಸ್ವರ್ಣಕ್ಕನಿಗೆ ಕೆಮ್ಮು ಬಂತು.

"ನೋಡಿದ್ದು ಸಾಕು, ನಾನು ಹೊರಗೆ ಕೂರ್ತೇನೆ," ಎಂದು ಅವಳು ಹೋದಳು. ತಟ್ಟೆಗಳನ್ನು ಹೊರಗಿನ ಕೋಣೆಗೆ ಒಯ್ಯುವಾಗ ಜ್ಯೋತ್ಸ್ನಾ ಹೊಗೆ ಬಾರದಿರಲೆಂದು ಅಡುಗೆಮನೆಯ ಬಾಗಿಲನ್ನು ಎಳೆದುಕೊಂಡಳು. ಬಾಣಲೆಯ ಒಲೆಯನ್ನು ತಾರಾನಾಥ ಆರಿಸಿದ್ದ. ಹಿಂದಿನ ಒಲೆಯಲ್ಲಿ ಹಾಲು ಸಣ್ಣ ಉರಿಯ ಮೇಲೆಯೇ ಇತ್ತು.

ಸ್ವರ್ಣಕ್ಕ ಚಮಚ ಮುಟ್ಟಲಿಲ್ಲ. ಕೈಯಲ್ಲೇ ಮುರಿದಳು. ಹೊರಗಿನ ಹೊದಿಕೆ ಕಟಕ್ಕೆಂದಿತು, ಒಳಗಿನಿಂದ ಮಲಾಯಿ ಇಳಿಯಿತು. ಮೊದಲ ತುತ್ತು ತಿಂದು ಎರಡನೆಯದಕ್ಕೆ ಕೈ ಹಾಕಿದಳು. ತಾರಾನಾಥ ಎದುರು ಕುರ್ಚಿಯ ತುದಿಯಲ್ಲಿ ಕೂತು ಅವಳ ದವಡೆ ಆಡುವುದನ್ನೇ ನೋಡುತ್ತಿದ್ದ. ತಾನು ಮಾಡಿದ್ದರ ಪರಿಮಳ ಹೇಗಿದೆಯೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವನು ತಾನೊಬ್ಬನೇ ಎಂಬುದು ಅವನಿಗೆ ಅಳು ಬರುವಷ್ಟು ನೋವು ಕೊಟ್ಟಿತು. ತನ್ನ ತಟ್ಟೆಯದನ್ನು ತಿನ್ನುತ್ತಿದ್ದ ಜ್ಯೋತ್ಸ್ನಾ ಒಮ್ಮೆ ಎದ್ದು ಅಡುಗೆಮನೆಯೊಳಗೆ ಹೋಗಿ ನೀರು ತಂದಿಟ್ಟಳು.

"ಸಿದ್ರಾಮನೂ ಕೇಳಿದ್ದ ಈ ಕೆಲಸ," ಎಂದಳು ಸ್ವರ್ಣಕ್ಕ ಕೊನೆಗೆ. ಸಿದ್ರಾಮ ಥಾಣೆಯ ಹೋಟೆಲಿನ ಇನ್ನೊಬ್ಬ ಅಡುಗೆಯವನು, ಒಳ್ಳೆಯ ಕೆಲಸಗಾರ. "ಅವನಿಗೆ ಆಗಲಿಕ್ಕಿಲ್ಲ ಅಂತ ಹೇಳಿಬಿಡ್ತೇನೆ. ಇದನ್ನು ಬೇಲಾಪುರದ ಬೋರ್ಡಿನಲ್ಲಿ ಮೇಲೆಯೇ ಬರೆಸುವ. ಹೋಗಿ, ಇನ್ನೊಂದು ಬಿಸಿ ಬಿಸಿ ತನ್ನಿ. ನಾನು ಡಯಟ್ ಎಲ್ಲ ನಾಳೆಯಿಂದ."

ಜ್ಯೋತ್ಸ್ನಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ತಾರಾನಾಥ ಗಾಳಿಯಲ್ಲಿ ತೇಲಿಕೊಂಡೇ ಅಡುಗೆಮನೆಗೆ ಹೋದ. ಒಳಗೆ ಹೊಕ್ಕು, ಹೊಗೆ ಹೊರಗೆ ಹೋಗದಿರಲೆಂದು ಬಾಗಿಲನ್ನು ಹಿಂದಕ್ಕೆ ತಳ್ಳಿದ.

ಹಾಲು ಉಕ್ಕಿ ಪಾತ್ರೆಯ ಹೊರಮೈಯಲ್ಲಿ ಇಳಿದು ಒಲೆಯ ಮೇಲೆ ಹರಡಿತ್ತು. ಅಯ್ಯೋ ಎಂದು ಬಟ್ಟೆಯಿಂದ ಒರೆಸಿದ. ಪಾತ್ರೆಯ ಅಡಿಯ ಸಣ್ಣ ಉರಿ ಹಗಲಿನಲ್ಲಿ ಹೇಗೂ ಸರಿಯಾಗಿ ಕಾಣುವುದಿಲ್ಲ, ಅವನು ಬಗ್ಗಿ ನೋಡಲೂ ಇಲ್ಲ. ಉರಿ ಆರಿತ್ತು, ಗ್ಯಾಸು ಬರುತ್ತಲೇ ಇತ್ತು. ಮುಚ್ಚಿದ ಕಿಟಕಿಯ ಆ ಪುಟ್ಟ ಕೋಣೆ ತುಂಬಿಹೋಗಿತ್ತು. ತಾರಾನಾಥ ಮಲಾಯಿ ಹಚ್ಚಿ ಒಂದು ಟೋಸ್ಟ್ ಸಿದ್ಧ ಮಾಡಿಕೊಂಡ. ಬೇಲಾಪುರದ ಅಡುಗೆಮನೆಯಲ್ಲಿ ಬಾಣಲೆ ಎಲ್ಲಿಡಬೇಕೆಂದು ಮನಸ್ಸಿನಲ್ಲೇ ಜಾಗ ಗೊತ್ತು ಮಾಡುತ್ತ ಲೈಟರು ತೆಗೆದುಕೊಂಡ. ಬಾಣಲೆಯ ಒಲೆಯ ಬರ್ನರಿಗೆ ಹಿಡಿದು ಒತ್ತಿದ. ಲೈಟರು ಹಳತು. ಟಕ್ ಎಂದಿತು, ಕಿಡಿ ಬರಲಿಲ್ಲ.

ಅದನ್ನು ತೊಡೆಗೆ ಬಡಿದುಕೊಂಡು ಮತ್ತೆ ಹಿಡಿದ.

"ಪಪ್ಪಾ! ಗ್ಯಾಸ್!"

ಬಾಗಿಲು ದಢಾರನೆ ತೆರೆಯಿತು. ಟೆಸ್ಟು ಬೇಗ ಮುಗಿದು ಟ್ಯೂಷನ್ನಿನಿಂದ ಮರಳಿದ ಸೌಜನ್ಯ ಒದ್ದೆ ಚಪ್ಪಲಿಯಲ್ಲೇ ಒಳಗೆ ನುಗ್ಗಿ ಅವನ ಕೈಗೆ ಹೊಡೆದಳು. ಲೈಟರು ನೆಲಕ್ಕೆ ಬಿದ್ದು ಮೂಲೆಗೆ ಜಾರಿತು. ಅವಳು ಒಲೆಯ ಕೆಳಗೆ ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು, ಕಿಟಕಿಯ ಚಿಲಕ ಎಳೆದಳು. ಮಳೆ ಗಾಳಿ ಒಳಗೆ ಬಂತು.

"ಎಲ್ಲಿ? ಯಾವ ಗ್ಯಾಸು?" ಎಂದ ತಾರಾನಾಥ.

ಬಾಗಿಲಲ್ಲಿ ಜ್ಯೋತ್ಸ್ನಾ ಮೂಗಿಗೆ ಸೆರಗು ಹಿಡಿದು ನಿಂತಿದ್ದಳು. ಅವಳ ಹಿಂದೆ ಸ್ವರ್ಣಕ್ಕ, ಅವಳ ಮೂಗಿಗೂ ಕರವಸ್ತ್ರ. ಮೂವರೂ ಅವನನ್ನೇ ನೋಡುತ್ತಿದ್ದರು. ಮೂವರ ಮುಖದಲ್ಲೂ ಇದ್ದುದನ್ನು ಕಂಡಾಗ ಅವನಿಗೆ ಆಗಿದ್ದೇನೆಂದು ತಿಳಿಯಿತು. ಕಟ್ಟೆಯನ್ನು ಹಿಡಿದುಕೊಂಡ.

"ನನ್ನದೇ ತಪ್ಪು ಅಕ್ಕ," ಎಂದಳು ಜ್ಯೋತ್ಸ್ನಾ ಥಟ್ಟನೆ. "ನೀರಿಗೆ ಬಂದವಳು ಹಾಲಿನ ಉರಿ ಸಣ್ಣ ಮಾಡ್ಲಿಕ್ಕೆ ಹೋದೆ. ಆರಿಹೋಗಿರಬೇಕು. ನೋಡಲೇ ಇಲ್ಲ ನಾನು. ಇವರದ್ದೆಂತ ತಪ್ಪಿಲ್ಲ."

ಅವಳು ಒಲೆಯನ್ನು ಮುಟ್ಟಿರಲಿಲ್ಲ. ಉಕ್ಕಿದ ಹಾಲನ್ನು ಈಗಷ್ಟೇ ಒರೆಸಿದ್ದ ತಾರಾನಾಥನಿಗೂ ಅದು ಗೊತ್ತಿತ್ತು.

"ಎಂತ ಹೆಂಗಸು ನೀವು?" ಸ್ವರ್ಣಕ್ಕನ ದನಿ ಏರಿತು. "ಅಡುಗೆಯವನ ಹೆಂಡತಿಯಾಗಿ ಇಷ್ಟು ಅಜಾಗ್ರತೆಯಾ? ಮಗಳು ಬರದಿದ್ದರೆ ಇವತ್ತು ನಾವ್ಯಾರೂ ಇರ್ತಿರಲಿಲ್ಲ. ಗಂಡನನ್ನೂ ಕೊಲ್ತಿದ್ರಿ, ನನ್ನನ್ನೂ!"

ಜ್ಯೋತ್ಸ್ನಾ ತಲೆ ತಗ್ಗಿಸಿ ಬೈಗುಳ ತಿಂದಳು. ಸೌಜನ್ಯ ಅಮ್ಮನ ಮುಖವನ್ನೂ ಅಪ್ಪನ ಮುಖವನ್ನೂ ನೋಡಿದಳು.

"ನಿಮಗೂ ವಾಸನೆ ಬರ್ಲಿಲ್ವಾ ತಾರಾನಾಥಣ್ಣ?"

"ನೆಗಡಿ ಅಕ್ಕ," ಎಂದಿತು ಅವನ ಬಾಯಿ. ಅವನು ಹೇಳಬೇಕೆಂದು ಯೋಚಿಸುವ ಮೊದಲೇ ಅದು ಹೇಳಿಬಿಟ್ಟಿತ್ತು.

ಸ್ವರ್ಣಕ್ಕ ತಲೆಯಾಡಿಸಿದಳು. ಕರವಸ್ತ್ರದಿಂದ ಮುಖ ಒರೆಸಿಕೊಂಡಳು. ಹೆದರಿಕೆ ಇಳಿದ ಮೇಲೆ ದನಿಯೂ ಇಳಿಯಿತು. "ಹೋಗಲಿ, ದೇವರು ದೊಡ್ಡವನು. ಮಳೆಗಾಲದಲ್ಲಿ ಯಾರಿಗೆ ನೆಗಡಿ ಇಲ್ಲ? ನೀವು ಬೇಗ ಗುಣ ಮಾಡ್ಕೊಳ್ಳಿ. ದಸರೆಯ ಮೊದಲು ಬೇಲಾಪುರ ಶುರು ಮಾಡುವ. ಅಡುಗೆಮನೆಯ ಕೀಲಿ ನಿಮ್ಮ ಕೈಯಲ್ಲೇ. ಗ್ಯಾಸಿನ ಸಿಲಿಂಡರು ಎಲ್ಲ ಒಳಗೇ ಸಾಲಾಗಿ ಇಟ್ಟದ್ದು, ಕೆಲಸದವರು ಮೇಲಿನ ಅಟ್ಟದಲ್ಲಿ ಮಲಗುವುದು. ಬೆಳಿಗ್ಗೆ ಮೊದಲು ಒಳಗೆ ಹೋಗಿ ನೋಡಿ, ಮೊದಲ ಒಲೆ ಹಚ್ಚುವವರು ನೀವೇ."

ಆಯಿತು ಎಂದರೆ ಮುಗಿಯಿತು. ಒಂದು ಮಾತು ಸಾಕು. ಹೆಂಡತಿ ಬೈಸಿಕೊಂಡು ದಾರಿ ಮಾಡಿಕೊಟ್ಟಿದ್ದಾಳೆ, ಒಡತಿ ನಂಬಿದ್ದಾಳೆ. ತಾರಾನಾಥನ ಕಣ್ಣಿಗೆ ಬೇಲಾಪುರದ ಆ ಅಡುಗೆಮನೆ ಕಾಣಿಸಿತು. ಬೆಳಗಿನ ಜಾವ ಬಾಗಿಲು ತೆರೆದು ಹೆಡ್ ಕುಕ್ ಒಳಗೆ ನಿಲ್ಲುತ್ತಾನೆ. ಹೋಟೆಲಿನ ಕ್ರಮ ಅದು: ಮೊದಲು ಅವನು ಒಮ್ಮೆ ಉಸಿರೆಳೆದು, ಗ್ಯಾಸಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆಯೇ ಕಡ್ಡಿ ಗೀರಬೇಕು. ಮೇಲೆ ಅಟ್ಟದಲ್ಲಿ ಜನ ನಂಬಿ ಮಲಗಿರುತ್ತಾರೆ. ಈಗಷ್ಟೇ ಲೈಟರು ಒತ್ತಿದ ಕೈ ಅವನದು. ಎರಡನೆಯ ಸಲ ಒತ್ತುವವನಿದ್ದ.

"ನೆಗಡಿ ಅಲ್ಲ ಅಕ್ಕ," ಎಂದ.

"ಮತ್ತೆ?"

"ಸುಮ್ಮನಿರಿ ನೀವು," ಎಂದಳು ಜ್ಯೋತ್ಸ್ನಾ. ಏನೋ ಬರಲಿದೆ ಎಂದು ಅವಳಿಗೆ ಅನ್ನಿಸಿತ್ತು.

"ಇವಳು ಒಲೆ ಮುಟ್ಟಲೇ ಇಲ್ಲ. ಹಾಲು ಉಕ್ಕಿ ಆರಿದ್ದು. ನಾನು ಅಲ್ಲೇ ನಿಂತಿದ್ದೆ, ನನಗೆ ಗೊತ್ತಾಗ್ಲಿಲ್ಲ. ನನಗೆ ವಾಸನೆಯೇ ಬರುವುದಿಲ್ಲ. ಜ್ವರ ಬಂದಾಗಿನಿಂದ ಇಲ್ಲ. ನೀವು ತುಪ್ಪ ಕೇಳಿದಾಗಲೂ ನನಗೆ ತಿಳಿಯಲಿಲ್ಲ. ಕೀಲಿ ನನಗೆ ಕೊಡಬೇಡಿ."

ಹೇಳಿದ ಮೇಲೆ ಅವನು ಕಟ್ಟೆಯನ್ನು ಬಿಟ್ಟು ನೆಟ್ಟಗೆ ನಿಂತ. ಸ್ವರ್ಣಕ್ಕನ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅದು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಕರಗಿತು.

"ಇಷ್ಟು ದಿನ ಥಾಣೆಯಲ್ಲಿ ಹೇಗೆ ಮಾಡಿದ್ರಿ?"

"ಹೇಗೋ ಮಾಡಿದೆ ಅಕ್ಕ. ಅಲ್ಲಿ ಸುತ್ತ ಜನ ಇರ್ತಾರೆ."

"ಬೇಲಾಪುರ ಆಗುವುದಿಲ್ಲ, ತಾರಾನಾಥಣ್ಣ."

"ಗೊತ್ತುಂಟು."

"ಥಾಣೆಯಲ್ಲೂ ಒಲೆಯ ಹತ್ತಿರ ನಿಮ್ಮನ್ನು ಒಬ್ಬರೇ ಬಿಡುವ ಹಾಗಿಲ್ಲ. ಏನು ಮಾಡುವುದು ಅಂತ ನನಗೂ ಈಗ ತೋಚುವುದಿಲ್ಲ. ನಾಳೆ ಬನ್ನಿ, ಮಾತಾಡುವ." ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, ಜ್ಯೋತ್ಸ್ನಾಳತ್ತ ತಿರುಗಿದಳು. "ಬೈದದ್ದು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ," ಎಂದು ಹೇಳಿ ಮೆಟ್ಟಿಲಿಳಿದು ಹೋದಳು.

ಸೌಜನ್ಯ ಪುಸ್ತಕದ ಚೀಲ ಎತ್ತಿಕೊಂಡು ಒಳಕೋಣೆಗೆ ಹೋದಳು. ಹೋಗುವಾಗ ಅಪ್ಪನ ತೋಳನ್ನೊಮ್ಮೆ ಹಿಡಿದು ಬಿಟ್ಟಳು. ತಾರಾನಾಥ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತ. ಹೆಂಡತಿ ಈಗ ಬೈಯುತ್ತಾಳೆ, ಕೈಗೆ ಬಂದ ಹೆಡ್ ಕುಕ್ ಪದವಿಯನ್ನು ಕಾಲಿನಿಂದ ಒದ್ದಿರಿ ಎಂದು ಅಳುತ್ತಾಳೆ ಎಂದು ಅವನು ಕಾಯುತ್ತಿದ್ದ. ಜ್ಯೋತ್ಸ್ನಾ ಒಲೆಗಂಟಿದ ಹಾಲನ್ನು ಚಮಚದಿಂದ ಕೆರೆಯುತ್ತಿದ್ದಳು. ಬೆನ್ನು ಅವನ ಕಡೆಗಿತ್ತು.

"ಜ್ವರ ಬಂದಾಗಿನಿಂದ ಇಲ್ಲವಾ?"

"ಇಲ್ಲ."

"ಹಾಗಾದ್ರೆ ನಾನು ಆ ಆದಿತ್ಯವಾರ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮದುವೆಯಾದಾಗಿನಿಂದ ಅವನು ಹೆಂಡತಿಯ ಅಡುಗೆಯನ್ನು ಹೊಗಳಿದವನಲ್ಲ. ಹೋಟೆಲಿನವನ ನಾಲಿಗೆ, ಕೂತಲ್ಲೇ ಹುಳುಕು ತೆಗೆಯುವುದು. ತೆಂಗಿನಕಾಯಿ ಸರಿಯಾಗಿ ಹುರಿದಿಲ್ಲ, ಕೊತ್ತಂಬರಿ ಹಸಿ ಹಸಿ, ಒಗ್ಗರಣೆ ಸೀದಿದೆ. ಈ ಮಳೆಗಾಲದಿಂದ ಮಾತ್ರ ಒಂದು ದಿನವೂ ಹಾಗೆಂದಿರಲಿಲ್ಲ. ಚೆನ್ನಾಗಿದೆ, ಬಹಳ ಚೆನ್ನಾಗಿದೆ ಎಂದೇ ಉಣ್ಣುತ್ತಿದ್ದ. ಹಾಗೆನ್ನುವುದರಲ್ಲಿ ಅಪಾಯವಿರಲಿಲ್ಲ. ಆ ಪುಳಿಮುಂಚಿಯ ದಿನವಂತೂ ಬೆರಳು ನೆಕ್ಕಿ, ಇದು ನನ್ನ ಕೈಗೆ ಯಾವತ್ತೂ ಬಂದಿಲ್ಲ ಮಾರಾಯ್ತಿ ಎಂದಿದ್ದ. ಅವಳು ಅಂಬರನಾಥದ ತಂಗಿಗೆ ಫೋನ್ ಮಾಡಿ ಅದನ್ನು ಹೇಳುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು.

"ಹೇಳಿ. ಅದೂ ಸುಳ್ಳಾ?" ಅವಳು ತಿರುಗಿದಳು. ಕಣ್ಣು ತುಂಬಿತ್ತು. "ಬೇಲಾಪುರ ಹೋದರೆ ಹೋಗಲಿ. ನನಗೆ ಬೇಲಾಪುರ ಬೇಡ. ಇಷ್ಟು ವರ್ಷದ ಮೇಲೆ ಕೈ ಕುದುರಿತು ಅಂತ ನಾನು ಎಷ್ಟು ಖುಷಿಪಟ್ಟೆ ಗೊತ್ತುಂಟಾ? ಆವತ್ತು ಹುಳಿ ಜಾಸ್ತಿಯಾಗಿತ್ತು. ನನಗೇ ಗೊತ್ತಾಗಿತ್ತು. ನಿಮಗೆ ಇಷ್ಟವಾಯ್ತಲ್ಲ ಅಂತ ಸುಮ್ಮನಾದೆ."

ಒಡತಿಯ ಮುಂದೆ ಬಂದ ಮಾತು ಹೆಂಡತಿಯ ಮುಂದೆ ಅಷ್ಟು ಸುಲಭವಾಗಿ ಬರಲಿಲ್ಲ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಹುಳಿ ನನಗೂ ಗೊತ್ತಾಗಿತ್ತು. ಹುಳಿ, ಉಪ್ಪು ಎಲ್ಲ ಗೊತ್ತಾಗ್ತದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ನೋಡ್ತಾ ಕೂತಿದ್ದೆಯಲ್ಲ," ಎಂದ ತಾರಾನಾಥ. "ಮುಂಚೆ ನಾನು ಊಟಕ್ಕೆ ಕೂತರೆ ಬಟ್ಟಲು ಬಿಟ್ಟು ತಲೆ ಎತ್ತಿದ್ದೇ ಇಲ್ಲ. ಈಗ ಬಟ್ಟಲಿನಲ್ಲಿ ನನಗೆ ಎಂತದೂ ಇಲ್ಲ. ಎದುರು ನೋಡಿದರೆ ನೀನು ಕೂತಿದ್ದಿ. ನಾನು ಎಂತ ಹೇಳ್ತೇನೆ ಅಂತ ಕಾಯ್ತಾ ಇದ್ದಿ. ಯಾವಾಗಲೂ ಹಾಗೇ ಕಾಯ್ತಿದ್ಯಾ?"

ಜ್ಯೋತ್ಸ್ನಾ ಚಮಚ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಗಿನ ಕೋಣೆಗೆ ಹೋಗಿ ಅವನು ಮುಟ್ಟದೆ ಬಿಟ್ಟಿದ್ದ ಟೋಸ್ಟಿನ ತಟ್ಟೆಯನ್ನು ತಂದು, ಅವನ ಎದುರು ನೆಲದ ಮೇಲೆಯೇ ಕೂತಳು. ಒಂದು ತುಂಡು ಮುರಿದು ಅವನ ಕೈಗೆ ಕೊಟ್ಟಳು.

"ತಿಂದು ಹೇಳಿ. ಮುಖ ನೋಡಬೇಡಿ, ಸರಿಯಾಗಿ ಹೇಳಿ."

ಅವನು ಕಣ್ಣು ಮುಚ್ಚಿ ಅಗಿದ. ತಣ್ಣಗಾಗಿತ್ತು. ಗರಿ ಇನ್ನೂ ಉಳಿದಿತ್ತು.

"ಉಪ್ಪು ಕಡಿಮೆ. ಒಂದು ಚಿಟಿಕೆ ಬೇಕಿತ್ತು."

"ಹೌದು," ಎಂದಳು ಜ್ಯೋತ್ಸ್ನಾ. "ಸ್ವರ್ಣಕ್ಕನ ಎದುರು ನಾನು ಹೇಳಲಿಲ್ಲ."